ಬೋರ್ಡೋ ದ್ರಾವಣ: ಮೈಲುತುತ್ತ, ಸುಣ್ಣ, ನೀರು ಸರಿಯಾಗಿ ಸೇರಿಸುವುದು ಹೇಗೆ?

ಬೆಳೆಗೆ ಶಿಲೀಂಧ್ರ ರೋಗ ತಗಲದಂತೆ ಎಲೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾಗುವುದು ಮೂರೇ ಸಾಮಾನು. ಮೈಲುತುತ್ತ, ಸುಣ್ಣ, ನೀರು. ಅಳತೆಯೂ ಎಲ್ಲರಿಗೂ ಬಾಯಿಪಾಠ: ಒಂದು ಕಿಲೋ, ಒಂದು ಕಿಲೋ, ನೂರು ಲೀಟರ್. ಆದರೂ ಇದೇ ಅಳತೆಯಲ್ಲಿ ಇಬ್ಬರು ಮಾಡಿದ ದ್ರಾವಣ ಒಂದೇ ಥರ ಇರುವುದಿಲ್ಲ. ಒಬ್ಬರದ್ದು ಎಲೆಗೆ ಬಣ್ಣ ಬಳಿದ ಹಾಗೆ ಅಂಟಿ, ಮಳೆ ಬಂದರೂ ನಿಲ್ಲುತ್ತದೆ. ಇನ್ನೊಬ್ಬರದ್ದು ಡ್ರಮ್ಮಿನ ತಳಕ್ಕೆ ಇಳಿದು ನಾಜಲ್ ಕಟ್ಟಿಸುತ್ತದೆ, ಇಲ್ಲವೇ ಚಿಗುರನ್ನೇ ಸುಟ್ಟುಬಿಡುತ್ತದೆ.

ವ್ಯತ್ಯಾಸ ಇರುವುದು ಅಳತೆಯಲ್ಲಲ್ಲ. ಸುಣ್ಣ ಎಷ್ಟು ಚೆನ್ನಾಗಿದೆ, ಯಾವುದನ್ನು ಯಾವುದಕ್ಕೆ ಸುರಿದಿರಿ, ಕೊನೆಗೆ ಪರೀಕ್ಷೆ ಮಾಡಿದಿರಾ ಎನ್ನುವುದರಲ್ಲಿ. ಅದಕ್ಕೇ ಪ್ರತಿ ಹೆಜ್ಜೆಯ ಜೊತೆಗೆ ಅದರ ಕಾರಣವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಾರಣ ಗೊತ್ತಿದ್ದವರು ಅವಸರದಲ್ಲೂ ಹೆಜ್ಜೆ ತಪ್ಪಿಸುವುದಿಲ್ಲ.

ತಾಮ್ರ ಮಾಡುವ ಕೆಲಸ

ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ ಎನ್ನುವುದು ಹಳೆಯ ವಿಷಯ. 1807ರಲ್ಲೇ ಬೆನೆಡಿಕ್ಟ್ ಪ್ರೆವೋ ಗೋಧಿಯ ಕಾಡಿಗೆ ರೋಗದ ಬೀಜಕಣಗಳು ತಾಮ್ರ ಸೇರಿದ ನೀರಿನಲ್ಲಿ ಮೊಳೆಯುವುದಿಲ್ಲ ಎಂದು ತೋರಿಸಿದ್ದರು. ಆದರೆ ತಾಮ್ರವನ್ನು ಎಲೆಗೆ ಹೊಡೆಯುವ ದಾರಿ ಸಿಕ್ಕಿದ್ದು 1880ರ ದಶಕದಲ್ಲಿ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಆಗಷ್ಟೇ ಅಮೆರಿಕದಿಂದ ಬೂಜು ತುಪ್ಪಟ ರೋಗ ಬಂದಿತ್ತು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಪಿಯರ್ ಮಿಲಾರ್ಡೆ 1882ರಲ್ಲಿ ಮೆಡೋಕ್ ಪ್ರದೇಶದ ಒಂದು ತೋಟದ ಪಕ್ಕ ಹೋಗುವಾಗ ಒಂದು ವಿಚಿತ್ರ ನೋಡಿದರು. ತೋಟದ ಎಲ್ಲ ಬಳ್ಳಿಗಳೂ ಎಲೆ ಉದುರಿಸಿ ನಿಂತಿದ್ದವು. ದಾರಿ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಹಾಗೇ ಇತ್ತು. ದಾರಿಹೋಕರು ಹಣ್ಣು ಕೀಳಬಾರದು ಎಂದು ಆ ಸಾಲುಗಳಿಗಷ್ಟೇ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದರು. ನೋಡಿದರೆ ವಿಷ ಅನ್ನಿಸಲಿ ಎನ್ನುವುದೇ ಉದ್ದೇಶ. ಮಿಲಾರ್ಡೆ ಅದನ್ನು ಅಲ್ಲಿಗೇ ಬಿಡಲಿಲ್ಲ. ರಸಾಯನಶಾಸ್ತ್ರಜ್ಞ ಯುಲಿಸ್ ಗೇಯಾನ್ ಜೊತೆ ಸೇರಿ ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು.

ಈಗ ರಸಾಯನಕ್ಕೆ ಬರೋಣ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಹರಳಿನ ತೂಕದಲ್ಲಿ ಕಾಲು ಭಾಗ, ಅಂದರೆ ಸುಮಾರು 25 ಪರ್ಸೆಂಟ್ ತಾಮ್ರ. ನೀರಿಗೆ ಹಾಕಿದರೆ ಪೂರ್ತಿ ಕರಗುತ್ತದೆ, ತಾಮ್ರವೆಲ್ಲ ಬಿಡಿಯಾಗಿ ತೇಲುತ್ತಿರುತ್ತದೆ. ಈ ಬಿಡಿ ತಾಮ್ರ ಶಿಲೀಂಧ್ರಕ್ಕೂ ವಿಷ, ಎಲೆಗೂ ವಿಷ. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಸುಡದೆ ಉಳಿದರೂ ಮೊದಲ ಮಳೆಗೆ ತೊಳೆದು ಹೋಗುತ್ತದೆ.

ಸುಣ್ಣ ಸೇರಿದಾಗ ಎರಡು ವಸ್ತುಗಳು ಹುಟ್ಟುತ್ತವೆ. ಒಂದು ಜಿಪ್ಸಂ. ಇನ್ನೊಂದು ನೀರಿನಲ್ಲಿ ಕರಗದ, ತಿಳಿನೀಲಿ ಬಣ್ಣದ, ಲೋಳೆಯಂಥ ತಾಮ್ರದ ಸಂಯುಕ್ತ. ನಮಗೆ ಬೇಕಾದದ್ದು ಇದೇ. ಇದು ಎಲೆಯ ಮೇಲೆ ತೆಳುವಾಗಿ ಹರಡಿ, ಒಣಗಿ, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದರಲ್ಲಿನ ತಾಮ್ರ ಬೀಗ ಹಾಕಿಟ್ಟ ಹಾಗೆ. ಮಳೆನೀರಿನಲ್ಲಿ ಸ್ವಲ್ಪ ಹುಳಿ ಗುಣ ಇರುತ್ತದೆ. ಮೊಳೆಯುವ ಬೀಜಕಣವೂ ತನ್ನ ಸುತ್ತ ಆಮ್ಲ ಸೂಸುತ್ತದೆ. ಇವು ತಾಗಿದಾಗ ತಾಮ್ರ ಚೂರು ಚೂರೇ ಬಿಡಿಸಿಕೊಂಡು ಬರುತ್ತದೆ. ಬೀಜಕಣ ಅದನ್ನು ಒಳಗೆಳೆದುಕೊಳ್ಳುತ್ತದೆ. ಒಳಗೆ ತಾಮ್ರವು ಕಿಣ್ವಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿ ಅವುಗಳ ಕೆಲಸ ಕೆಡಿಸುತ್ತದೆ. ಒಂದು ಕಿಣ್ವವಲ್ಲ, ಹತ್ತಾರು ಕಡೆ ಒಟ್ಟಿಗೆ ಪೆಟ್ಟು ಬೀಳುತ್ತದೆ. 140 ವರ್ಷ ಕಳೆದರೂ ಶಿಲೀಂಧ್ರಗಳು ಇದಕ್ಕೆ ಜಾಸ್ತಿ ಒಗ್ಗಿಕೊಳ್ಳದಿರುವುದು ಅದಕ್ಕೇ. ಬ್ಯಾಕ್ಟೀರಿಯಾಗಳ ಮಾತು ಬೇರೆ. ಅವುಗಳಲ್ಲಿ ತಾಮ್ರವನ್ನು ತಾಳಿಕೊಳ್ಳುವ ತಳಿಗಳು ಈಗಾಗಲೇ ಕಂಡಿವೆ.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಬೋರ್ಡೋ ದ್ರಾವಣ ಎಲೆಯ ಹೊರಗೆ ಕೆಲಸ ಮಾಡುತ್ತದೆ, ಒಳಗೆ ಇಳಿಯುವುದಿಲ್ಲ. ರೋಗ ಒಳಗೆ ಹೊಕ್ಕ ಮೇಲೆ ಹೊಡೆದರೆ ಆ ಎಲೆ ವಾಸಿಯಾಗುವುದಿಲ್ಲ. ಪಕ್ಕದ ಎಲೆ ಉಳಿಯಬಹುದು, ಅಷ್ಟೇ.

ಸಾಮಾನು ನೋಡಿ ತನ್ನಿ

ಮೈಲುತುತ್ತ ಕಡುನೀಲಿ ಹರಳಾಗಿರಬೇಕು. ಹಸಿರು ಅಥವಾ ಕಂದು ಛಾಯೆ ಕಂಡರೆ ಕಬ್ಬಿಣದ ಸಲ್ಫೇಟ್ ಬೆರೆತಿರುವ ಅನುಮಾನ ಇಟ್ಟುಕೊಳ್ಳಿ. ಹರಳಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಗಾಬರಿ ಬೇಡ, ಅದು ನೀರಿನ ಅಂಶ ಒಣಗಿದ ಗುರುತು.

ಮೋಸ ಹೋಗುವುದು ಹೆಚ್ಚಾಗಿ ಸುಣ್ಣದಲ್ಲಿ. ಸುಟ್ಟ ಸುಣ್ಣ ಗಾಳಿಗೆ ತೆರೆದಿದ್ದರೆ ಮೊದಲು ತೇವ ಹೀರಿ ಪುಡಿಯಾಗುತ್ತದೆ. ಆಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮತ್ತೆ ಸುಣ್ಣದ ಕಲ್ಲೇ ಆಗಿಬಿಡುತ್ತದೆ. ಅದು ಕಣ್ಣಿಗೆ ಬೆಳ್ಳಗೆ ಸುಣ್ಣದ ಹಾಗೇ ಕಾಣುತ್ತದೆ, ಆದರೆ ತಾಮ್ರವನ್ನು ಕಟ್ಟುವ ಶಕ್ತಿ ಹೋಗಿರುತ್ತದೆ. ಗಟ್ಟಿ ಉಂಡೆಗಳನ್ನೇ ಆರಿಸಿ. ಒಂದು ಚೂರಿಗೆ ಸ್ವಲ್ಪ ನೀರು ಹಾಕಿ ನೋಡಿ. ಒಳ್ಳೆಯ ಸುಣ್ಣ ಬಿಸಿಯಾಗಿ, ಬಿರಿದು, ಉಬ್ಬುತ್ತದೆ. ಸುಮ್ನೆ ಒದ್ದೆಯಾಗಿ ಕುಳಿತರೆ ಬೇಡ. ಅರಳಿಸಿದ ಸುಣ್ಣದ ಪುಡಿ ಪ್ಯಾಕೆಟ್ಟಿನಲ್ಲಿ ಸಿಕ್ಕಿದರೆ ಅದೂ ಆಗುತ್ತದೆ. ಅದಕ್ಕೆ ಈ ಬಿಸಿಯ ಪರೀಕ್ಷೆ ನಡೆಯುವುದಿಲ್ಲ. ಒಂದು ಚಿಟಿಕೆಯನ್ನು ವಿನೆಗರಿಗೆ ಹಾಕಿ. ಜೋರಾಗಿ ನೊರೆ ಉಕ್ಕಿದರೆ ಹಳೆಯ ಸುಣ್ಣ ಎಂದು ತಿಳಿಯಿರಿ.

ಲೆಕ್ಕದ ಪ್ರಕಾರ 1 ಕಿಲೋ ಮೈಲುತುತ್ತದ ತಾಮ್ರವನ್ನೆಲ್ಲ ಕಟ್ಟಲು ಅರಳಿದ ಶುದ್ಧ ಸುಣ್ಣ ಸುಮಾರು 300 ಗ್ರಾಂ ಸಾಕು. ಮತ್ತೆ ಒಂದು ಕಿಲೋ ಏಕೆ? ಕೈಗೆ ಸಿಗುವ ಸುಣ್ಣ ಯಾವತ್ತೂ ಪೂರ್ತಿ ಶುದ್ಧವಲ್ಲ. ಜೊತೆಗೆ ಉಳಿದ ಸುಣ್ಣ ಎಲೆಗೆ ಕಾವಲಾಗುತ್ತದೆ, ಪದರ ಹಿಡಿದು ನಿಲ್ಲಲು ನೆರವಾಗುತ್ತದೆ. ಹಾಗಂತ ಎರಡು ಮೂರು ಪಟ್ಟು ಸುರಿಯಬೇಡಿ. ಸುಣ್ಣ ಅತಿಯಾದರೆ ತಾಮ್ರ ಬಿಡಿಸಿಕೊಳ್ಳುವುದೇ ತಡವಾಗುತ್ತದೆ.

ಪಾತ್ರೆ ಪ್ಲಾಸ್ಟಿಕ್, ಮರ ಅಥವಾ ಮಣ್ಣಿನದ್ದಾಗಿರಲಿ. ಮೈಲುತುತ್ತದ ನೀರು ಕಬ್ಬಿಣವನ್ನೂ ಸತು ಬಳಿದ ತಗಡನ್ನೂ ತಿನ್ನುತ್ತದೆ. ತಿನ್ನುವುದಷ್ಟೇ ಅಲ್ಲ, ಅದರಲ್ಲಿದ್ದ ತಾಮ್ರ ಪಾತ್ರೆಯ ಮೈಗೆ ಕೂತುಬಿಡುತ್ತದೆ, ನಿಮ್ಮ ಔಷಧಿ ಅಷ್ಟು ಕಡಿಮೆಯಾಯಿತು. ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ. ಅದನ್ನು ಮೈಲುತುತ್ತವೂ ತಿನ್ನುತ್ತದೆ, ಸುಣ್ಣವೂ ತಿನ್ನುತ್ತದೆ.

ಮೊದಲ ಹೆಜ್ಜೆ: ಮೈಲುತುತ್ತ ಕರಗಿಸುವುದು

ಲೆಕ್ಕ 100 ಲೀಟರಿಗೆ ಹೇಳುತ್ತೇನೆ. ಬಕೆಟ್ಟಿನಲ್ಲಿ 10 ಲೀಟರ್ ಮಾಡುವವರು ಎಲ್ಲವನ್ನೂ ಹತ್ತರಿಂದ ಭಾಗಿಸಿಕೊಳ್ಳಿ: 100 ಗ್ರಾಂ, 100 ಗ್ರಾಂ. ಕಣ್ಣಂದಾಜು ಬೇಡ, ತೂಗಿಯೇ ಹಾಕಿ.

ಒಂದು ಡ್ರಮ್ಮಿಗೆ 50 ಲೀಟರ್ ನೀರು ಹಾಕಿ. 1 ಕಿಲೋ ಮೈಲುತುತ್ತವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನ ಮೇಲ್ಭಾಗದಲ್ಲೇ ಮುಳುಗುವ ಹಾಗೆ ಒಂದು ಕೋಲಿಗೆ ನೇತುಹಾಕಿ. ರಾತ್ರಿ ಕಟ್ಟಿ ಬಿಟ್ಟರೆ ಬೆಳಗ್ಗೆಗೆ ಗಂಟು ಖಾಲಿ. ತಳಕ್ಕೆ ಹಾಕಿದರೆ ಮಾತ್ರ ಗಂಟೆಗಟ್ಟಲೆ ಕಲಕಬೇಕು. ಕರಗಿದ ನೀರು ತೂಕ ಜಾಸ್ತಿಯಾಗಿ ಹರಳಿನ ಸುತ್ತಲೇ ಮಡುಗಟ್ಟುತ್ತದೆ, ಹೊಸ ನೀರು ಹತ್ತಿರ ಬರುವುದಿಲ್ಲ. ಮೇಲೆ ತೂಗುಹಾಕಿದರೆ ಕರಗಿದ್ದು ತಾನಾಗಿ ಕೆಳಗಿಳಿಯುತ್ತದೆ, ತಿಳಿನೀರು ಮೇಲೆ ಬರುತ್ತದೆ. ತುಂಬಾ ಅವಸರವಿದ್ದರೆ ಹರಳು ಕುಟ್ಟಿ ಒಂದೆರಡು ಲೀಟರ್ ಬಿಸಿನೀರಲ್ಲಿ ಕರಗಿಸಿ, ಆಮೇಲೆ ತಣ್ಣೀರು ಸೇರಿಸಿ 50 ಲೀಟರ್ ಮಾಡಿ. ಕುಟ್ಟುವಾಗ ಏಳುವ ಧೂಳು ಕಣ್ಣಿಗೆ, ಮೂಗಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಎರಡನೆಯ ಹೆಜ್ಜೆ: ಸುಣ್ಣ ಅರಳಿಸುವುದು

ಈ ಇಡೀ ಕೆಲಸದಲ್ಲಿ ಥಟ್ಟನೆ ಅನಾಹುತ ಆಗಬಹುದಾದ ಜಾಗ ಇದು. ಸುಟ್ಟ ಸುಣ್ಣ ನೀರು ಕುಡಿಯುವಾಗ ಕುದಿಯುವಷ್ಟು ಬಿಸಿಯಾಗುತ್ತದೆ. ಸುಣ್ಣದ ರಾಶಿಯ ಮೇಲೆ ಒಂದು ಚೊಂಬು ನೀರು ಸುರಿದರೆ ಒಳಗೇ ಆವಿಯಾಗಿ ಸಿಡಿಯುತ್ತದೆ. ಆದ್ದರಿಂದ ಮೊದಲು ಪಾತ್ರೆಗೆ ನಾಲ್ಕೈದು ಲೀಟರ್ ನೀರು ಹಾಕಿ. ಅದಕ್ಕೆ ಸುಣ್ಣದ ಉಂಡೆಗಳನ್ನು ಒಂದೊಂದಾಗಿ ಬಿಡಿ. ಕನ್ನಡಕ ಹಾಕಿರಲೇಬೇಕು. ಪಾತ್ರೆಯ ಮೇಲೆ ಬಗ್ಗಿ ನೋಡಬೇಡಿ. ಈ ಒಂದು ಕೆಲಸಕ್ಕೆ ತೆಳು ಪ್ಲಾಸ್ಟಿಕ್ ಬಕೆಟ್ ಬೇಡ, ಬಿಸಿಗೆ ಮೆತ್ತಗಾಗುತ್ತದೆ. ಸುಣ್ಣ ಮಾತ್ರ ಇರುವಾಗ ಕಬ್ಬಿಣದ ಪಾತ್ರೆಗೆ ತೊಂದರೆ ಇಲ್ಲ. ಮಕ್ಕಳು ಹತ್ತಿರ ಸುಳಿಯಬಾರದು.

ಪೂರ್ತಿ ಅರಳಿ, ಪೂರ್ತಿ ತಣ್ಣಗಾದ ಮೇಲೆ ನೀರು ಸೇರಿಸಿ 50 ಲೀಟರ್ ಮಾಡಿ. ಎರಡು ಪದರದ ಬಟ್ಟೆಯಲ್ಲಿ ಸೋಸಿ. ಇಲ್ಲಿ ಸೋಸದೆ ಬಿಟ್ಟ ಮರಳು, ಆಮೇಲೆ ನಾಜಲ್ಲಿನಲ್ಲಿ ಸಿಕ್ಕಿ ಅರ್ಧ ದಿನ ತಿನ್ನುತ್ತದೆ.

ಮೂರನೆಯ ಹೆಜ್ಜೆ: ಸೇರಿಸುವುದು

ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಸುಣ್ಣವನ್ನು ಮೈಲುತುತ್ತಕ್ಕಲ್ಲ. ನಿಧಾನವಾಗಿ, ಸಣ್ಣ ಧಾರೆಯಾಗಿ, ಇನ್ನೊಬ್ಬರು ಮರದ ಕೋಲಿನಲ್ಲಿ ಬಿಡದೆ ಕಲಕುತ್ತಿರಬೇಕು. ಸುರಿಯುವುದಕ್ಕೇ ಇಬ್ಬರಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ: ಮೂರನೆಯ ದೊಡ್ಡ ಡ್ರಮ್ಮಿಗೆ ಎರಡನ್ನೂ ಒಟ್ಟಿಗೆ, ಸಮವಾಗಿ ಸುರಿಯುವುದು.

ಉಲ್ಟಾ ಮಾಡಿದರೆ ಏನಾಗುತ್ತದೆ? ಮೈಲುತುತ್ತದ ನೀರು ಹುಳಿ ಗುಣದ್ದು. ಅದಕ್ಕೆ ಸುಣ್ಣ ಚೂರು ಚೂರು ಬೀಳುವಾಗ ಕೊನೆಯವರೆಗೂ ಹುಳಿ ಹೋಗುವುದಿಲ್ಲ. ಆಗ ಹುಟ್ಟುವ ಕಣಗಳು ದಪ್ಪ, ಒರಟು. ಬೇಗ ತಳಕ್ಕೆ ಇಳಿಯುತ್ತವೆ, ಎಲೆಗೆ ಹಿಡಿಯುವುದಿಲ್ಲ. ಸುಣ್ಣದೊಳಗೆ ಮೈಲುತುತ್ತ ಬಿದ್ದರೆ ಮೊದಲ ಹನಿಯಿಂದಲೇ ಸುತ್ತ ಸುಣ್ಣವೇ ಇರುತ್ತದೆ, ನುಣ್ಣನೆಯ ಲೋಳೆ ಹುಟ್ಟುತ್ತದೆ. ಎರಡೂ ತಣ್ಣಗಿರಬೇಕು ಎನ್ನುವುದಕ್ಕೂ ಇದೇ ಕಾರಣ. ಎರಡನ್ನೂ ಗಟ್ಟಿಯಾಗಿ ಕಲಸಿ ಆಮೇಲೆ ನೀರು ತುಂಬಿಸುತ್ತೇನೆ ಎಂದರೂ ಕಣ ಒರಟಾಗುತ್ತದೆ. ನನ್ನ ಶುರುವಿನ ದಿನಗಳಲ್ಲಿ ನೀರು ಹೊರುವ ಕೆಲಸ ಉಳಿಸಲು ಹೀಗೇ ಮಾಡಿದ್ದೆ. ನೋಡಲು ದಟ್ಟ ನೀಲಿ, ತುಂಬ ಚೆನ್ನಾಗಿ ಬಂದಿದೆ ಅನ್ನಿಸಿತ್ತು. ಅರ್ಧ ಗಂಟೆಯಲ್ಲಿ ಮೇಲೆಲ್ಲ ತಿಳಿನೀರು, ಕೆಳಗೆ ಕೆಸರು. ಅಷ್ಟೂ ವ್ಯರ್ಥವಾಯಿತು.

ಸರಿಯಾದ ದ್ರಾವಣ ಆಕಾಶನೀಲಿ, ಹಾಲಿನಷ್ಟು ನುಣುಪು. ಗಾಜಿನ ಲೋಟದಲ್ಲಿ ಹಿಡಿದಿಟ್ಟರೆ ತುಂಬಾ ನಿಧಾನವಾಗಿ ಇಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಪರೀಕ್ಷೆ

ದಯವಿಟ್ಟು ಇದನ್ನು ಬಿಡಬೇಡಿ. ಸುಣ್ಣ ಎಷ್ಟು ಶಕ್ತಿಯದ್ದು ಎಂದು ತಕ್ಕಡಿ ಹೇಳುವುದಿಲ್ಲ, ಪರೀಕ್ಷೆ ಹೇಳುತ್ತದೆ.

ಉಜ್ಜಿ ಹೊಳೆಯುವ ಹಾಗೆ ಮಾಡಿದ ಕುಡುಗೋಲು ಅಥವಾ ಕಬ್ಬಿಣದ ಮೊಳೆಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿಡಿ. ತೆಗೆದಾಗ ಕೆಂಪಗೆ ತಾಮ್ರದ ಪೊರೆ ಕಂಡರೆ ಬಿಡಿ ತಾಮ್ರ ಇನ್ನೂ ಉಳಿದಿದೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಕಲಕಿ, ಕಬ್ಬಿಣವನ್ನು ಮತ್ತೆ ಉಜ್ಜಿ ನೋಡಿ. ಪೊರೆ ಕಟ್ಟದಿದ್ದರೆ ಸರಿಯಾಯಿತು. ಸ್ಟೇನ್‌ಲೆಸ್ ಸ್ಟೀಲ್ ಚಾಕುವಿನಲ್ಲಿ ಈ ಪರೀಕ್ಷೆ ಬೇಡ. ಅದರ ಮೇಲೆ ತಾಮ್ರ ಸುಲಭವಾಗಿ ಕೂರುವುದಿಲ್ಲ, ಎಲ್ಲ ಸರಿ ಇದೆ ಎಂದು ತಪ್ಪು ತಿಳಿದುಬಿಡುತ್ತೀರಿ. ಲಿಟ್ಮಸ್ ಕಾಗದ ಇದ್ದರೆ ಅದನ್ನೂ ಅದ್ದಿ. ಕೆಂಪು ಕಾಗದ ನೀಲಿಯಾಗಬೇಕು.

ಐದನೆಯ ಹೆಜ್ಜೆ: ಹೊಡೆಯುವುದು

ಮಾಡಿದ ದಿನವೇ ಹೊಡೆದು ಮುಗಿಸಿ. ಹಳತಾದಂತೆ ಲೋಳೆ ಹೋಗಿ ಹರಳು ಕಟ್ಟುತ್ತದೆ, ಅಂಟುವ ಗುಣ ಹೋಗುತ್ತದೆ. ಆದರೆ ಮೈಲುತುತ್ತದ ನೀರನ್ನೂ ಸುಣ್ಣದ ನೀರನ್ನೂ ಸೇರಿಸದೆ ಬೇರೆ ಬೇರೆ ಮುಚ್ಚಿಟ್ಟರೆ ಮರುದಿನಕ್ಕೂ ಬರುತ್ತವೆ. ಎಷ್ಟು ಬೇಕೋ ಅಷ್ಟೇ ಸೇರಿಸಿಕೊಳ್ಳುವುದು ಜಾಣತನ.

ಹೊಡೆಯುವಾಗ ಡ್ರಮ್ಮನ್ನು ಆಗಾಗ ಕಲಕುತ್ತಿರಿ. ಎಲೆಯ ಮೇಲೂ ಕೆಳಗೂ ತಾಗಬೇಕು. ಬೂಜು ತುಪ್ಪಟ ರೋಗ ಒಳಗೆ ಹೋಗುವುದು ಹೆಚ್ಚಾಗಿ ಎಲೆಯ ಕೆಳಭಾಗದ ಸಣ್ಣ ರಂಧ್ರಗಳಿಂದ. ಎಲೆ ಒದ್ದೆಯಾಗಿ ಹನಿ ಇಳಿಯುವ ಹಂತಕ್ಕೆ ನಿಲ್ಲಿಸಿ. ಆಮೇಲೆ ಹೊಡೆದದ್ದೆಲ್ಲ ನೆಲಕ್ಕೇ.

ಸಮಯವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮಳೆಗೆ ಮೊದಲು ಹೊಡೆಯಬೇಕು, ಮಳೆ ಬರುವ ಮುಂಚೆ ಪದರ ಪೂರ್ತಿ ಒಣಗಲು ಬಿಡುವು ಸಿಗಬೇಕು. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಗಾಳಿ ಇಲ್ಲದಾಗ ಹೊಡೆಯುವುದು ಒಳ್ಳೆಯದು. ಮೋಡ ಕವಿದು ತಂಪಾಗಿ, ಎಲೆ ಗಂಟೆಗಟ್ಟಲೆ ಒದ್ದೆಯಾಗೇ ಇರುವ ದಿನ ಬೇಡ. ತಾಮ್ರ ಎಲೆಯೊಳಗೆ ಇಳಿದು ಸುಡುವುದು ಅಂಥ ದಿನವೇ. ಒಮ್ಮೆ ಹೊಡೆದ ಮೇಲೆ ಹುಟ್ಟಿದ ಹೊಸ ಚಿಗುರಿಗೆ ಯಾವ ರಕ್ಷಣೆಯೂ ಇಲ್ಲ ಎನ್ನುವುದು ನೆನಪಿರಲಿ. ಜೋರು ಮಳೆಗಾಲ ಮುಂದುವರಿದರೆ ಮತ್ತೆ ಹೊಡೆಯಬೇಕಾಗುವುದು ಅದಕ್ಕೇ.

ಎಲ್ಲಿಗೆ ಸಲ್ಲುತ್ತದೆ, ಎಲ್ಲಿಗೆ ಸಲ್ಲದು

ದ್ರಾಕ್ಷಿಯ ಬೂಜು ತುಪ್ಪಟ, ಆಲೂಗಡ್ಡೆ ಮತ್ತು ಟೊಮೆಟೊದ ಅಂಗಮಾರಿ, ಅಡಿಕೆಯ ಕೊಳೆರೋಗ, ಕಾಫಿಯ ಎಲೆ ತುಕ್ಕು, ನಿಂಬೆ ಜಾತಿಯ ಕಜ್ಜಿ ರೋಗ. ಇವು ಬೋರ್ಡೋ ದ್ರಾವಣಕ್ಕೆ ಹೆಸರು ತಂದ ಜಾಗಗಳು. ನೀರಿನಲ್ಲಿ ಈಜಿ ಬರುವ ಬೀಜಕಣಗಳ ರೋಗಗಳಿಗೆ ಇದು ಚೆನ್ನಾಗಿ ಹಿಡಿಯುತ್ತದೆ. ಬೂದಿ ರೋಗದ ಮೇಲೆ ಅಷ್ಟಾಗಿ ನಡೆಯುವುದಿಲ್ಲ, ಅಲ್ಲಿ ಗಂಧಕವೇ ಮೇಲು.

ಸಾಮಾನ್ಯವಾಗಿ 1 ಪರ್ಸೆಂಟ್. ಎಳೆ ಗಿಡಗಳಿಗೆ 0.5 ಪರ್ಸೆಂಟ್, ಅಂದರೆ 100 ಲೀಟರಿಗೆ ತಲಾ ಅರ್ಧ ಕಿಲೋ. ಕೊಂಬೆ ಕತ್ತರಿಸಿದ ಗಾಯಕ್ಕೆ, ಕಾಂಡ ಕೊಳೆತದ್ದನ್ನು ಕೆತ್ತಿ ತೆಗೆದ ಜಾಗಕ್ಕೆ ಮುಲಾಮು: ತಲಾ 1 ಕಿಲೋ, ನೀರು 10 ಲೀಟರ್ ಮಾತ್ರ. ಇದನ್ನು ಬ್ರಶ್ಶಿನಲ್ಲಿ ಬಳಿಯುವುದು, ಎಲೆಗೆ ತಾಗಿಸಬಾರದು.

ಪೀಚ್, ಪ್ಲಮ್ ಥರದ ಮರಗಳು ಎಲೆ ಬಿಟ್ಟಾಗ ತಾಮ್ರವನ್ನು ತಾಳುವುದಿಲ್ಲ, ಎಲೆ ಉದುರಿ ನಿದ್ದೆಯಲ್ಲಿರುವಾಗಲೇ ಹೊಡೆಯುತ್ತಾರೆ. ಸೇಬಿನ ಎಳೆಕಾಯಿಯ ಸಿಪ್ಪೆ ಒರಟಾಗುತ್ತದೆ. ಹೂ ಬಿಟ್ಟಾಗ ಯಾವ ಬೆಳೆಗೂ ಬೇಡ. ಹೊಸ ಬೆಳೆಗೆ ಮೊದಲ ಸಲವಾದರೆ ಒಂದೆರಡು ಗಿಡಕ್ಕೆ ಹೊಡೆದು ಕೆಲವು ದಿನ ಕಾದು ನೋಡಿ.

ಬೇರೆ ಔಷಧಿ ಜೊತೆ ಸೇರಿಸಿ ಒಂದೇ ಸುತ್ತಿನಲ್ಲಿ ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಬೋರ್ಡೋ ಜೊತೆ ಅದು ಆಗದು. ಸುಣ್ಣದ ಕ್ಷಾರಕ್ಕೆ ಅನೇಕ ಕೀಟನಾಶಕಗಳು, ಅದರಲ್ಲೂ ಆರ್ಗನೋಫಾಸ್ಫೇಟ್ ಗುಂಪಿನವು, ಒಡೆದು ಕೆಲಸಕ್ಕೆ ಬಾರದಂತಾಗುತ್ತವೆ. ಹುಳಿ ಗುಣದ ಪೋಷಕಾಂಶ ಅಥವಾ ಫೋಸೆಟೈಲ್ ಅಲ್ಯೂಮಿನಿಯಂ ಎಂಬ ಶಿಲೀಂಧ್ರನಾಶಕ ಸೇರಿಸಿದರೆ ಕಥೆ ಇನ್ನೊಂದು ಕಡೆಯಿಂದ ಕೆಡುತ್ತದೆ. ಹಾಕಿದ್ದ ಬೀಗ ಬಿಚ್ಚಿ ಬಿಡಿ ತಾಮ್ರ ಹೊರಬರುತ್ತದೆ, ಎಲೆ ಸುಡುತ್ತದೆ.

ಮೈ ಕಾಪಾಡಿಕೊಳ್ಳುವುದು

ಹಳೆಯ ಕಾಲದ್ದು, ಸುಣ್ಣ ತುತ್ತ ತಾನೇ ಎಂದು ಹಗುರವಾಗಿ ನೋಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಪೋರ್ಚುಗಲ್ಲಿನಲ್ಲಿ ವರ್ಷಗಟ್ಟಲೆ ದ್ರಾಕ್ಷಿಗೆ ಬೋರ್ಡೋ ಹೊಡೆದ ಕೆಲಸಗಾರರ ಶ್ವಾಸಕೋಶದಲ್ಲಿ ಗಂಟುಗಳೂ ಅವುಗಳೊಳಗೆ ತಾಮ್ರವೂ ಕಂಡವು. 1969ರಲ್ಲಿ ಅದನ್ನು ಹೊಸ ಕಾಯಿಲೆ ಎಂದೇ ವೈದ್ಯರು ದಾಖಲಿಸಿದರು. ಅವರು ಕುಡಿದದ್ದಲ್ಲ, ಮಂಜಿನಂಥ ಹನಿಯನ್ನು ಉಸಿರಾಡಿದ್ದು. ಮೂಗಿಗೆ ಕಟ್ಟಿದ ಬಟ್ಟೆ ಸಾಲದು. ಸರಿಯಾದ ಮಾಸ್ಕ್, ಮುಚ್ಚಿದ ಕನ್ನಡಕ, ರಬ್ಬರ್ ಕೈಗವಸು, ಬೂಟು, ತುಂಬು ತೋಳಿನ ಬಟ್ಟೆ ಬೇಕು. ಮರದ ಮೇಲೆ ಅಥವಾ ತಲೆಗಿಂತ ಎತ್ತರಕ್ಕೆ ಹೊಡೆಯುವವರಿಗೆ ಟೋಪಿಯೂ ಬೇಕು. ಗಾಳಿ ಬೆನ್ನಿಗಿರಲಿ.

ಮೈಲುತುತ್ತವೂ ಸುಣ್ಣವೂ ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲವು. ಕೆಲಸದ ಜಾಗದಲ್ಲಿ ಒಂದು ಬಕೆಟ್ ಶುದ್ಧ ನೀರು ಸದಾ ಇರಲಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು 15ರಿಂದ 20 ನಿಮಿಷ ನೀರು ಹರಿಸಿ, ಆಮೇಲೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಮೈಲುತುತ್ತ ಹೊಟ್ಟೆಗೆ ಹೋದರೆ ನೀಲಿ ಹಸಿರು ವಾಂತಿ, ಹೊಟ್ಟೆನೋವು ಬರುತ್ತದೆ. ಮುಂದೆ ಕೆಂಪು ರಕ್ತಕಣಗಳು ಒಡೆಯುತ್ತವೆ, ಮೂತ್ರಪಿಂಡ ಮತ್ತು ಯಕೃತ್ತು ಕೆಡುತ್ತವೆ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಬಾಯಿ ತೊಳೆಸಿ, ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಹರಳಿನ ನೀಲಿ ಬಣ್ಣ ಮಕ್ಕಳನ್ನು ಸೆಳೆಯುತ್ತದೆ. ಬೀಗ ಹಾಕಿದ ಜಾಗದಲ್ಲೇ ಇಡಿ, ತಿನ್ನುವ ಕುಡಿಯುವ ಡಬ್ಬಿಗಳಿಗೆ ತುಂಬಿಡಬೇಡಿ.

ಪ್ರಾಣಿಗಳಲ್ಲಿ ಕುರಿಗೆ ತಾಮ್ರ ಬಹಳ ಬೇಗ ವಿಷವಾಗುತ್ತದೆ. ಹೊಡೆದ ತೋಟದ ಹುಲ್ಲಿಗೆ ಕುರಿ ಬಿಡಬೇಡಿ. ಮೀನುಗಳಿಗೂ ಅಷ್ಟೇ. ಪಂಪು ತೊಳೆದ ನೀರು ಹಳ್ಳ, ಕೆರೆ, ಬಾವಿಯ ಕಡೆ ಹರಿಯಬಾರದು. ಉಳಿದ ದ್ರಾವಣವನ್ನು ಹೊಡೆಯುತ್ತಿರುವ ಬೆಳೆಗೇ ತೆಳುವಾಗಿ ಹೊಡೆದು ಮುಗಿಸಿ. ಪಂಪನ್ನು ಮೂರು ಸಲ ತೊಳೆಯಿರಿ. ಒಳಗೆ ಸುಣ್ಣ ಕಟ್ಟಿದ್ದರೆ ಸ್ವಲ್ಪ ವಿನೆಗರ್ ಸೇರಿಸಿದ ನೀರು ಅದನ್ನು ಬಿಡಿಸುತ್ತದೆ.

ಮಣ್ಣಿನ ಲೆಕ್ಕ

ತಾಮ್ರ ಲೋಹ. ಬೇರೆ ಔಷಧಿಗಳ ಹಾಗೆ ಬಿಸಿಲಿಗೋ ಸೂಕ್ಷ್ಮಜೀವಿಗೋ ಒಡೆದು ಇಲ್ಲವಾಗುವುದಿಲ್ಲ. ಎಲೆಯಿಂದ ತೊಳೆದದ್ದು ಮೇಲ್ಮಣ್ಣಿನಲ್ಲಿ ಕೂರುತ್ತದೆ, ಅಲ್ಲೇ ಉಳಿಯುತ್ತದೆ. ತಲೆಮಾರುಗಟ್ಟಲೆ ಬೋರ್ಡೋ ಹೊಡೆದ ದ್ರಾಕ್ಷಿ ತೋಟಗಳ ಮೇಲ್ಮಣ್ಣಿನಲ್ಲಿ ಕಿಲೋಗೆ 100 ಮಿಲಿಗ್ರಾಂ ದಾಟಿದ ತಾಮ್ರ ಸಿಗುವುದು ಅಪರೂಪವಲ್ಲ. ಜಾಸ್ತಿಯಾದರೆ ಎರೆಹುಳ ಕಡಿಮೆಯಾಗುತ್ತದೆ, ಎಳೆ ಬೇರು ಕುಗ್ಗುತ್ತದೆ. ಹುಳಿ ಮಣ್ಣಿನಲ್ಲಿ ಈ ತೊಂದರೆ ಬೇಗ ಕಾಣುತ್ತದೆ.

ಐರೋಪ್ಯ ಒಕ್ಕೂಟದಲ್ಲಿ 2019ರಲ್ಲಿ ಜಾರಿಗೆ ಬಂದ ನಿಯಮ 7 ವರ್ಷಕ್ಕೆ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರ ಎಂದು ಮಿತಿ ಹಾಕಿತು. ಸರಾಸರಿ ವರ್ಷಕ್ಕೆ 4 ಕಿಲೋ. ಎಲ್ಲಿ ಬೆಳೆಯುವವರಿಗೂ ಇದು ಒಳ್ಳೆಯ ಅಳತೆಗೋಲು. 100 ಲೀಟರ್ 1 ಪರ್ಸೆಂಟ್ ದ್ರಾವಣದಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ಅಂದರೆ ಹೆಕ್ಟೇರಿಗೆ ವರ್ಷಕ್ಕೆ 1,600 ಲೀಟರ್ ಹೊಡೆದರೆ ಆ ಮಿತಿ ತಲುಪಿದ ಹಾಗೆ. ದೊಡ್ಡ ಮರಗಳಿಗೆ ಎರಡು ಮೂರು ಸುತ್ತು ಹೊಡೆಯುವವರು ಇದನ್ನು ಎಷ್ಟು ಬೇಗ ದಾಟುತ್ತಾರೆ ಎಂದು ನೀವೇ ಲೆಕ್ಕ ಹಾಕಿ ನೋಡಿ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಎಷ್ಟು ಲೀಟರ್, ಎಷ್ಟು ಪರ್ಸೆಂಟ್, ಯಾವ ತಾಕು ಎಂದು ಬರೆಯಿರಿ. ವರ್ಷದ ಕೊನೆಗೆ ಬಳಸಿದ ಮೈಲುತುತ್ತದ ಕಿಲೋವನ್ನು ನಾಲ್ಕರಿಂದ ಭಾಗಿಸಿದರೆ ಆ ವರ್ಷ ಮಣ್ಣಿಗೆ ಸೇರಿದ ತಾಮ್ರ ಸಿಗುತ್ತದೆ. ಬೇರೆ ತಾಮ್ರದ ಔಷಧಿ ಹೊಡೆದಿದ್ದರೆ ಅದರ ಡಬ್ಬಿಯ ಮೇಲಿರುವ ತಾಮ್ರದ ಪರ್ಸೆಂಟ್ ನೋಡಿ ಅದನ್ನೂ ಇದಕ್ಕೇ ಕೂಡಿಸಿ. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳಿ, ಬಂದ ಅಂಕಿಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.